ಲಾಲ್‌ಬಾಗ್‌ನಿಂದ ಕಾಶಿಯವರೆಗೆ: ಹೊರಹಾಕಿದವರೇ ಹೊರಗುಳಿದ ಕಥೆ



ಸುದ್ದಿ ಕೇಳುವಾಗ ಒಂದು ಮಾತು ನಿಮ್ಮ ಕಿವಿಗೆ ಪದೇ ಪದೇ ಬಿದ್ದಿರುತ್ತದೆ. ಮಂತ್ರಿಮಂಡಲ ವಿಸ್ತರಣೆಯಾ? ಹೈಕಮಾಂಡ್ ತೀರ್ಮಾನ. ಚುನಾವಣೆ ಟಿಕೆಟ್ಟಾ? ಹೈಕಮಾಂಡ್‌ಗೆ ಬಿಟ್ಟದ್ದು. ಮುಖ್ಯಮಂತ್ರಿ ದಿಲ್ಲಿ ವಿಮಾನ ಹತ್ತಿದರಾ? ಹೈಕಮಾಂಡ್ ಭೇಟಿ. ಪಕ್ಷ ಯಾವುದಾದರೂ ಇರಲಿ, ಹಾಡಿನ ಪಲ್ಲವಿ ಒಂದೇ. ಕನ್ನಡದಲ್ಲಿ ಇದಕ್ಕೆ 'ವರಿಷ್ಠರು' ಅಂತ ಗೌರವದ ಹೆಸರೂ ಉಂಟು.

ಪದವೇನೋ ಹಳೆಯದು. ಸ್ವಾತಂತ್ರ್ಯಕ್ಕೆ ಮುಂಚೆ, 1930ರ ದಶಕದಲ್ಲೇ, ಕಾಂಗ್ರೆಸ್ಸಿನ ದೊಡ್ಡ ನಾಯಕರನ್ನು ಒಟ್ಟಾಗಿ ಹಾಗೆ ಕರೆಯುತ್ತಿದ್ದರು. ಆಗ ಅದು ಹತ್ತಾರು ಜನ ಕೂತು ವಾದ ಮಾಡುವ ಗುಂಪು. ಆ ಗುಂಪು ಹೋಗಿ ಒಬ್ಬರೇ ವ್ಯಕ್ತಿ ಅಂತ ಆದದ್ದು ಯಾವಾಗ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲುವುದು 1969ಕ್ಕೆ. ಆ ಕಥೆ ದೊಡ್ಡದಾಗಿ ಸ್ಫೋಟಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಅದರ ಫಲವನ್ನು ಚೆನ್ನಾಗಿ ಓದಬಹುದಾದ ಊರು ಮಾತ್ರ ದೂರದ ಕಾಶಿ. ಯಾಕೆಂದರೆ ಆಗ ಉತ್ತರ ಪ್ರದೇಶ ಒಂದೇ ಲೋಕಸಭೆಗೆ 85 ಜನರನ್ನು ಕಳಿಸುತ್ತಿತ್ತು. ದಿಲ್ಲಿ ಆಳಬೇಕಾದವರು ಆ ರಾಜ್ಯವನ್ನು ಹಿಡಿಯಲೇಬೇಕಿತ್ತು. ಆ ಹಿಡಿತದ ಹೋರಾಟದಲ್ಲಿ ಕಾಶಿಯ ಮೂವರು ಮೂರು ದಿಕ್ಕಿಗೆ ನಿಂತರು.

ಮೊದಲು ಬೆಂಗಳೂರಿನ ಕಥೆ ನೋಡೋಣ.

ಮೂಕ ಬೊಂಬೆ ಅಂದುಕೊಂಡವರು

1966ರ ಜನವರಿ 11. ಕಾಶಿಯ ಮಣ್ಣಿನಲ್ಲಿ ಬೆಳೆದ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ತಾಷ್ಕೆಂಟ್‌ನಲ್ಲಿ ತೀರಿಕೊಂಡರು. ಮುಂದಿನ ಪ್ರಧಾನಿ ಯಾರು? ಆಗ ಕಾಂಗ್ರೆಸ್ಸಿನಲ್ಲಿ 'ಸಿಂಡಿಕೇಟ್' ಅಂತ ಪತ್ರಿಕೆಗಳು ಕರೆಯುತ್ತಿದ್ದ ಒಂದು ಬಲಿಷ್ಠ ಕೂಟವಿತ್ತು. ತಮಿಳುನಾಡಿನ ಕಾಮರಾಜ್, ಆಂಧ್ರದ ಸಂಜೀವ ರೆಡ್ಡಿ, ಬಂಗಾಳದ ಅತುಲ್ಯ ಘೋಷ್, ಮುಂಬೈಯ ಎಸ್.ಕೆ. ಪಾಟೀಲ್, ಮತ್ತು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಮೊರಾರ್ಜಿ ದೇಸಾಯಿ ಹಠವಾದಿ, ಹೇಳಿದ ಮಾತು ಕೇಳುವವರಲ್ಲ. ನೆಹರೂ ಮಗಳಾದರೆ ಹೆಸರೂ ಇದೆ, ಮಾತೂ ಕೇಳುತ್ತಾರೆ ಅನ್ನುವುದು ಈ ಕೂಟದ ಲೆಕ್ಕ. ಸಂಸದೀಯ ಪಕ್ಷದಲ್ಲಿ ಇಂದಿರಾ ಗಾಂಧಿಗೆ 355 ಮತ, ಮೊರಾರ್ಜಿಗೆ 169. ಸಮಾಜವಾದಿ ನಾಯಕ ರಾಮ ಮನೋಹರ ಲೋಹಿಯಾ ಹೊಸ ಪ್ರಧಾನಿಯನ್ನು 'ಗೂಂಗಿ ಗುಡಿಯಾ', ಅಂದರೆ ಮೂಕ ಬೊಂಬೆ ಅಂತ ಗೇಲಿ ಮಾಡಿದರು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಸಿಂಡಿಕೇಟಿನ ಹಿರಿಯರೇನೂ ಪ್ರಜಾಪ್ರಭುತ್ವದ ಮೂರ್ತಿಗಳಲ್ಲ. ಪ್ರಧಾನಿ ಯಾರಾಗಬೇಕು ಅನ್ನುವುದನ್ನು ಮುಚ್ಚಿದ ಕೋಣೆಯಲ್ಲಿ ಲೆಕ್ಕ ಹಾಕಿದವರೇ ಅವರು. ಹಿರಿಯರನ್ನು ಪಕ್ಕಕ್ಕೆ ಸರಿಸುವ ಆಟವೂ ಹೊಸದಲ್ಲ. 1951ರಲ್ಲಿ ನೆಹರೂ ಜೊತೆ ಹೊಂದಿಕೆಯಾಗದೆ ಪಕ್ಷದ ಅಧ್ಯಕ್ಷ ಪುರುಷೋತ್ತಮದಾಸ್ ಟಂಡನ್ ರಾಜೀನಾಮೆ ಕೊಟ್ಟು ಹೋದರು, ಆ ಕುರ್ಚಿಯಲ್ಲಿ ನೆಹರೂ ಅವರೇ ಕೂತರು. 1963ರ ಕಾಮರಾಜ್ ಯೋಜನೆಯಲ್ಲಿ ಆರು ಕೇಂದ್ರ ಮಂತ್ರಿಗಳು, ಆರು ಮುಖ್ಯಮಂತ್ರಿಗಳು ಒಂದೇ ಏಟಿಗೆ ಅಧಿಕಾರ ಬಿಟ್ಟರು. ಆದರೆ ಹಾಗೆ ಹೋದವರು ಪಕ್ಷದೊಳಗೇ ಉಳಿಯುತ್ತಿದ್ದರು, ಮತ್ತೆ ಬರುತ್ತಿದ್ದರು. ಶಾಸ್ತ್ರಿಗಳು ಹಾಗೆ ಹೋಗಿ ಹಾಗೆಯೇ ಬಂದವರು. ಮನೆಯೊಳಗಿನ ಜಗಳ ಮನೆಯೊಳಗೇ ಇತ್ತು.

1967ರ ಚುನಾವಣೆ ಈ ಸಮತೋಲನ ಕೆಡಿಸಿತು. ಕಾಂಗ್ರೆಸ್ 520ರಲ್ಲಿ 283ಕ್ಕೆ ಇಳಿಯಿತು. ಕಾಮರಾಜ್ ತಮ್ಮ ಸ್ವಂತ ಊರು ವಿರುದುನಗರದಲ್ಲಿ ಸೋತರು. ಅತುಲ್ಯ ಘೋಷ್ ಸೋತರು. ಮುಂಬೈಯ ದೊರೆ ಅನಿಸಿಕೊಂಡಿದ್ದ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ನಮ್ಮ ಮಂಗಳೂರಿನ ಹುಡುಗ ಜಾರ್ಜ್ ಫರ್ನಾಂಡಿಸ್! ಜನಬಲ ಕಳೆದುಕೊಂಡ ಹಿರಿಯರ ಕೈಯಲ್ಲಿ ಉಳಿದದ್ದು ಪಕ್ಷದ ಕಚೇರಿ. ಆ ಕಚೇರಿಯ ಯಜಮಾನಿಕೆ 1968ರಲ್ಲಿ ನಿಜಲಿಂಗಪ್ಪನವರಿಗೆ ಬಂತು. ಮೈಸೂರು ರಾಜ್ಯದ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಒಪ್ಪಿಸಿ ಅವರು ದಿಲ್ಲಿಗೆ ಹೋದರು.

ಗಾಜಿನ ಮನೆಯ ದಿನಗಳು

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಬೆಂಗಳೂರಿನಲ್ಲಿ ಸೇರಿತು. ನಾವು ಫಲಪುಷ್ಪ ಪ್ರದರ್ಶನ ನೋಡಲು ಸಾಲಿನಲ್ಲಿ ನಿಲ್ಲುತ್ತೇವಲ್ಲ, ಅದೇ ಲಾಲ್‌ಬಾಗ್ ಗಾಜಿನ ಮನೆಯಲ್ಲಿ. ಇಂದಿರಾ ಮೊದಲ ದಿನ ಬರಲಿಲ್ಲ. ಬದಲಿಗೆ ಆರ್ಥಿಕ ವಿಚಾರಗಳ ಒಂದು ಟಿಪ್ಪಣಿ ಕಳಿಸಿದರು. ಅದರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಮಾತೂ ಇತ್ತು. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿ ರಾಷ್ಟ್ರಪತಿ ಅಭ್ಯರ್ಥಿ ಆರಿಸಲು ಕೂತಿತು. ಇಂದಿರಾ ಸೂಚಿಸಿದ್ದು ಜಗಜೀವನ್ ರಾಮ್ ಹೆಸರು. ಬಹುಮತ ಬಂದದ್ದು ಸಂಜೀವ ರೆಡ್ಡಿಗೆ. ಪ್ರಧಾನಿ ತಮ್ಮ ಪಕ್ಷದ ಸಭೆಯಲ್ಲೇ ಸೋತರು.

ಆಮೇಲಿನ ಒಂದು ವಾರ ನೋಡಿ. ಜುಲೈ 16ಕ್ಕೆ ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತರು, ಅವರು ಉಪಪ್ರಧಾನಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ. ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ. ಆ 14ರಲ್ಲಿ ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಇದ್ದವು. ವಿಧಿಯ ತಮಾಷೆ ನೋಡಿ, ಒಂದು ಸಿಂಡಿಕೇಟ್ ಸರ್ಕಾರದ ಕೈಗೆ ಬಂದದ್ದೇ ತಡ, ಇನ್ನೊಂದು ಸಿಂಡಿಕೇಟಿನ ಕೈಯಿಂದ ಸರ್ಕಾರ ಜಾರಿತು! ಬಡವರು, ರಿಕ್ಷಾ ಓಡಿಸುವವರು, ಸಣ್ಣ ರೈತರು ಇದನ್ನು ಹಬ್ಬದ ಹಾಗೆ ಸ್ವಾಗತಿಸಿದರು. ಅದು ಸುಳ್ಳು ಸಂಭ್ರಮವೂ ಅಲ್ಲ, ನಂತರದ ವರ್ಷಗಳಲ್ಲಿ ಹಳ್ಳಿಗಳಿಗೆ ಬ್ಯಾಂಕ್ ಶಾಖೆಗಳು ಬಂದವು. ಆದರೆ ಒಂದೇ ಕಲ್ಲಿಗೆ ಇನ್ನೊಂದು ಹಕ್ಕಿಯೂ ಬಿತ್ತು. ಅಂದಿನಿಂದ ಸಿಂಡಿಕೇಟನ್ನು ಬೆಂಬಲಿಸುವವರು ಬಡವರ ವಿರೋಧಿಗಳು ಅಂತಾಯಿತು.

ಗಿರಿ ತಮ್ಮ ಹುದ್ದೆ ಬಿಟ್ಟು ಸ್ವತಂತ್ರ ಅಭ್ಯರ್ಥಿಯಾಗಿ ಚುನಾವಣೆಗೆ ನಿಂತರು. ನಿಜಲಿಂಗಪ್ಪನವರು ರೆಡ್ಡಿಗೆ ಎರಡನೆಯ ಪ್ರಾಶಸ್ತ್ಯದ ಮತ ಕೇಳಲು ಜನಸಂಘ, ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾದರು. ಅದೇ ಅವರ ಮೇಲಿನ ಆರೋಪವಾಯಿತು. ಪ್ರಧಾನಿ ಕಡೆಯಿಂದ 'ಆತ್ಮಸಾಕ್ಷಿಯ ಮತ' ಅನ್ನುವ ಕೂಗು ಎದ್ದಿತು. ಪಕ್ಷದ ಅಭ್ಯರ್ಥಿಗೇ ಮತ ಹಾಕಿ ಅಂತ ಇಂದಿರಾ ಹೇಳಲಿಲ್ಲ. ಆಗಸ್ಟ್ 20ರಂದು ಎಣಿಕೆ. ಎರಡನೆಯ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿಗೆ 4,20,077, ರೆಡ್ಡಿಗೆ 4,05,427. ಕಾಂಗ್ರೆಸ್ಸಿನ ಅಭ್ಯರ್ಥಿಯನ್ನು ಕಾಂಗ್ರೆಸ್ಸಿನ ಪ್ರಧಾನಿಯ ಬಣವೇ ಸೋಲಿಸಿತು.

ನವೆಂಬರ್ 12

ನವೆಂಬರ್ 1ರಂದು ದಿಲ್ಲಿಯಲ್ಲಿ ಎರಡು ಕಾರ್ಯಕಾರಿ ಸಮಿತಿ ಸಭೆಗಳು ನಡೆದವು. ಒಂದು ಜಂತರ್ ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿಯ ಮನೆಯಲ್ಲಿ. ಒಂದು ಪಕ್ಷ, ಒಂದೇ ದಿನ, ಎರಡು ಸಭೆ! ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಪಕ್ಷವು ಇಂದಿರಾ ಗಾಂಧಿಯವರನ್ನು ಅಶಿಸ್ತಿನ ಆರೋಪದ ಮೇಲೆ ಉಚ್ಚಾಟಿಸಿತು.

ಇದೇ 1969ರ ನವೆಂಬರ್ 12ರಂದು ಚೀನಾದಲ್ಲಿ ಇನ್ನೊಂದು ಘಟನೆ ನಡೆಯಿತು. ಆ ದೇಶದ ಅಧ್ಯಕ್ಷರಾಗಿದ್ದ ಲಿಯು ಶಾವೊಚಿ ಕೈಫೆಂಗ್ ನಗರದ ಬಂಧನದಲ್ಲಿ, ಸರಿಯಾದ ಔಷಧವೂ ಇಲ್ಲದೆ ಪ್ರಾಣಬಿಟ್ಟರು. ಹಿಂದಿನ ವರ್ಷ ಮಾವೊ ಅವರನ್ನು ಪಕ್ಷದಿಂದ ಹೊರಹಾಕಿಸಿದ್ದರು. ಅವರ ಸಾವಿನ ಸುದ್ದಿಯನ್ನು ಜನರಿಂದ ವರ್ಷಗಟ್ಟಲೆ ಮುಚ್ಚಿಡಲಾಯಿತು. ಅದರ ಪಕ್ಕ ಇಟ್ಟು ನೋಡಿದರೆ ನಮ್ಮ ಜಗಳ ಎಷ್ಟೋ ಸಭ್ಯ. ನಮ್ಮಲ್ಲಿ 1969ರಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ. ಎಲ್ಲವೂ ಮತ, ಸಭೆ, ಪತ್ರಿಕಾ ಹೇಳಿಕೆಗಳಲ್ಲೇ ನಡೆಯಿತು. ಹಾಗಾಗಿಯೇ ನಮಗೆ ಅದರಲ್ಲಿ ಏನು ಕಳೆದುಹೋಯಿತು ಅನ್ನುವುದು ಬೇಗ ಕಾಣಲಿಲ್ಲ.

ಉಚ್ಚಾಟನೆ ಆದೇಶದ ಗತಿ ಏನಾಯಿತು? ಲೋಕಸಭೆಯ ಸುಮಾರು 220 ಕಾಂಗ್ರೆಸ್ ಸದಸ್ಯರು ಪ್ರಧಾನಿ ಜೊತೆ ಹೋದರು. ಬಹುಮತಕ್ಕೆ ಕಡಿಮೆ ಬಿದ್ದದ್ದನ್ನು ಡಿಎಂಕೆ, ಕಮ್ಯುನಿಸ್ಟರು ತುಂಬಿದರು. ಪಕ್ಷ ಎರಡಾಯಿತು. ನಮ್ಮ ಕಡೆ ಒಂದನ್ನು ಆಡಳಿತ ಕಾಂಗ್ರೆಸ್, ಇನ್ನೊಂದನ್ನು ಸಂಸ್ಥಾ ಕಾಂಗ್ರೆಸ್ ಅಂದರು. ಕಟ್ಟೆ ಮೇಲೆ ಹರಟುವವರು ಇಂಡಿಕೇಟ್, ಸಿಂಡಿಕೇಟ್ ಅಂದರು. ಜೋಡೆತ್ತಿನ ಗುರುತಿಗಾಗಿ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1971ರ ಚುನಾವಣೆಗೆ ಒಬ್ಬರಿಗೆ ಹಸು-ಕರು, ಇನ್ನೊಬ್ಬರಿಗೆ ಚರಕ ನೂಲುವ ಹೆಂಗಸು. ಫಲಿತಾಂಶ ಬಂದಾಗ ಹಸು-ಕರುವಿಗೆ 352, ಚರಕಕ್ಕೆ 16. ನಿಜಲಿಂಗಪ್ಪನವರ ಸ್ವಂತ ರಾಜ್ಯದಲ್ಲಿ 27ಕ್ಕೆ 27 ಸ್ಥಾನಗಳೂ ಇಂದಿರಾ ಕಡೆಗೆ. ಹೊರಹಾಕುವ ಚೀಟಿ ಬರೆದವರೇ ಹೊರಗುಳಿದರು.

ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಪಕ್ಷ ಒಡೆದಾಗ ಯಾರ ಕಡೆ ಹೆಚ್ಚು ಜನಪ್ರತಿನಿಧಿಗಳು, ಪ್ರತಿನಿಧಿಗಳು ಇದ್ದಾರೋ ಅವರೇ ಪಕ್ಷ ಅನ್ನುವ ತಲೆ ಎಣಿಕೆಯ ಲೆಕ್ಕವನ್ನು ಎತ್ತಿಹಿಡಿಯಿತು. 2023ರಲ್ಲಿ ಶಿವಸೇನೆಯ ಗುರುತು, 2024ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ಸಿನ ಗುರುತು ಯಾರಿಗೆ ಅಂತ ಚುನಾವಣಾ ಆಯೋಗ ತೀರ್ಮಾನಿಸುವಾಗಲೂ ಇದೇ ಹಳೆಯ ತೀರ್ಪು ಮುಂದೆ ಬಂತು.

ಕಾಶಿಯ ಮೂವರು

ಈಗ ಕಾಶಿಗೆ ಹೋಗೋಣ. ಕನ್ನಡಿಗರಿಗೆ ಕಾಶಿ ಪರಸ್ಥಳವೇನಲ್ಲ. ಅಲ್ಲಿ ಜಂಗಮವಾಡಿ ಮಠವಿದೆ. ಗಂಗೆಯ ದಡದಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಪಕ್ಕದಲ್ಲೇ ಹರಿಶ್ಚಂದ್ರ ಘಾಟ್. ರಾಘವಾಂಕನ ಹರಿಶ್ಚಂದ್ರ ರಾಜ್ಯ ಕಳೆದುಕೊಂಡು ಬಂದು ನಿಂತ ಊರೇ ಅದು. ಅವನು ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟ. ನಮ್ಮ ಕಥೆಯ ಮೂವರೂ ಈ ಊರಿನವರೇ, ಮೂವರೂ ಅಧಿಕಾರ ಕಂಡವರು, ಮೂವರೂ ಕಳೆದುಕೊಂಡವರು.

ಮೊದಲನೆಯವರು ತ್ರಿಭುವನ ನಾರಾಯಣ ಸಿಂಗ್. 1904ರಲ್ಲಿ ಕಾಶಿಯಲ್ಲಿ ಹುಟ್ಟಿದವರು. ಅಸಹಕಾರ ಚಳವಳಿಯ ಕಾಲದಲ್ಲಿ, 1921ರಲ್ಲಿ, ಗಾಂಧೀಜಿ ಅಡಿಗಲ್ಲಿಟ್ಟ ಕಾಶಿ ವಿದ್ಯಾಪೀಠದಲ್ಲಿ ಓದಿದವರು, ಶಾಸ್ತ್ರೀಜಿಯವರ ಆಪ್ತರು. 1957ರಲ್ಲಿ ಪಕ್ಕದ ಚಂದೌಲಿಯಲ್ಲಿ ಲೋಹಿಯಾ ಅವರಂಥವರನ್ನೇ ಸೋಲಿಸಿದ್ದರು. ಪಕ್ಷ ಒಡೆದಾಗ ಅವರು ಹಿರಿಯರ ಜೊತೆ, ಸಂಸ್ಥಾ ಕಾಂಗ್ರೆಸ್ಸಿನಲ್ಲಿ ನಿಂತರು. 1970ರ ಅಕ್ಟೋಬರಿನಲ್ಲಿ ವಿರೋಧ ಪಕ್ಷಗಳ ಕೂಟ ಅವರನ್ನು ಉತ್ತರ ಪ್ರದೇಶದ ಮುಖ್ಯಮಂತ್ರಿ ಮಾಡಿತು. ಆಗ ಅವರು ಶಾಸಕರಲ್ಲ, ಆರು ತಿಂಗಳೊಳಗೆ ಗೆಲ್ಲಬೇಕು. ಗೋರಖಪುರದ ಮಣಿರಾಮ್ ಕ್ಷೇತ್ರದ ಉಪಚುನಾವಣೆಗೆ ನಿಂತರು. 1971ರ ಇಂದಿರಾ ಅಲೆಯಲ್ಲಿ ಆಡಳಿತ ಕಾಂಗ್ರೆಸ್ಸಿನ ರಾಮಕೃಷ್ಣ ದ್ವಿವೇದಿ ಅವರ ಎದುರು ಸೋತರು. ಅಧಿಕಾರದಲ್ಲಿರುವ ಮುಖ್ಯಮಂತ್ರಿಯೇ ಉಪಚುನಾವಣೆಯಲ್ಲಿ ಸೋಲುವುದು ನಮ್ಮ ದೇಶದಲ್ಲಿ ಬಹಳ ಅಪರೂಪ. ಏಪ್ರಿಲ್‌ನಲ್ಲಿ ಕುರ್ಚಿ ಬಿಟ್ಟರು.

ಆ ಕುರ್ಚಿಗೆ ಬಂದವರು ಎರಡನೆಯವರು, ಕಮಲಾಪತಿ ತ್ರಿಪಾಠಿ. ಇವರೂ ಕಾಶಿಯವರೇ, ಇವರೂ ಕಾಶಿ ವಿದ್ಯಾಪೀಠದಲ್ಲೇ ಓದಿದವರು, ಕಾಶಿಯ 'ಆಜ್' ಪತ್ರಿಕೆಯಲ್ಲಿ ಕೆಲಸ ಮಾಡಿದ ಪತ್ರಕರ್ತರು. ಒಂದೇ ಊರು, ಒಂದೇ ವಿದ್ಯಾಪೀಠ, ಒಂದೇ ಸ್ವಾತಂತ್ರ್ಯ ಹೋರಾಟ. ಆದರೆ 1969ರಲ್ಲಿ ತ್ರಿಪಾಠಿ ನಿಂತದ್ದು ಇಂದಿರಾ ಕಡೆ. ನಿಷ್ಠೆಗೆ ಫಲವೂ ಸಿಕ್ಕಿತು. ಆದರೆ ಗಮನಿಸಿ, ಆ ಫಲ ಎಷ್ಟು ದಿನ ಅನ್ನುವುದು ಇನ್ನು ಅವರ ಕೈಯಲ್ಲಿರಲಿಲ್ಲ. 1973ರ ಮೇ ತಿಂಗಳಲ್ಲಿ ರಾಜ್ಯದ ಸಶಸ್ತ್ರ ಪೊಲೀಸರೇ ದಂಗೆ ಎದ್ದರು, ಜೂನ್‌ನಲ್ಲಿ ಸರ್ಕಾರ ಹೋಯಿತು. ಅವರನ್ನು ದಿಲ್ಲಿಗೆ ಕರೆಸಿಕೊಂಡರು, ಮುಂದೆ ರೈಲ್ವೆ ಮಂತ್ರಿ ಮಾಡಿದರು. 1983ರಲ್ಲಿ ಪಕ್ಷದ ಕಾರ್ಯಾಧ್ಯಕ್ಷರೂ ಆದರು. ಆಮೇಲೆ ಬಂದದ್ದು ರಾಜೀವ್ ಗಾಂಧಿ ಕಾಲ. 1985ರ ಮುಂಬೈ ಶತಮಾನೋತ್ಸವ ಅಧಿವೇಶನದಲ್ಲಿ ರಾಜೀವ್ ಅವರೇ ಪಕ್ಷದ ಅಧಿಕಾರ ದಲ್ಲಾಳಿಗಳನ್ನು ಟೀಕಿಸಿದ್ದರು. ಮರುವರ್ಷ, ಎಂಬತ್ತು ದಾಟಿದ ತ್ರಿಪಾಠಿ, ಪಕ್ಷ ನಡೆಯುತ್ತಿರುವ ರೀತಿ ಸರಿಯಿಲ್ಲ ಅಂತ ರಾಜೀವ್‌ಗೆ ಪತ್ರ ಬರೆದರು. ಅದೇ ವರ್ಷ ಕಾರ್ಯಾಧ್ಯಕ್ಷ ಸ್ಥಾನ ಹೋಯಿತು. 1969ರಲ್ಲಿ ಅಧ್ಯಕ್ಷರನ್ನೇ ಎದುರಿಸಿ ಪ್ರಧಾನಿಯನ್ನು ಗೆಲ್ಲಿಸಿದವರಿಗೆ 1986ರಲ್ಲಿ ಒಂದು ಪತ್ರ ಬರೆದು ದಕ್ಕಿಸಿಕೊಳ್ಳುವ ಅವಕಾಶವೂ ಇರಲಿಲ್ಲ.

ಮೂರನೆಯವರು ರಾಜ್ ನಾರಾಯಣ್. ಕಾಶಿ ರಾಜಮನೆತನಕ್ಕೆ ಸೇರಿದ ಕುಟುಂಬ, ಕಾಶಿ ಹಿಂದೂ ವಿಶ್ವವಿದ್ಯಾಲಯದ ಓದು, ಮೈತುಂಬ ಸಮಾಜವಾದ, ತಲೆಗೊಂದು ಹಸಿರು ಬಟ್ಟೆ. ಇವರು ಕಾಂಗ್ರೆಸ್ಸಿನವರಲ್ಲ, ಹಾಗಾಗಿ ಇವರನ್ನು ಉಚ್ಚಾಟಿಸಲು ಯಾರಿಗೂ ಸಾಧ್ಯವಿರಲಿಲ್ಲ. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ವಿರುದ್ಧ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಜನ ನಕ್ಕರು. ಅವರು ಕೋರ್ಟಿಗೆ ಹೋದರು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಪ್ರಧಾನಿಯ ಆಯ್ಕೆಯನ್ನೇ ರದ್ದು ಮಾಡಿದರು. ಹದಿಮೂರೇ ದಿನ ಕಳೆದು ತುರ್ತು ಪರಿಸ್ಥಿತಿ. ಒಂದು ಲಕ್ಷಕ್ಕೂ ಹೆಚ್ಚು ಜನ ಜೈಲಿಗೆ ಹೋದರು. ಬೆಂಗಳೂರಿಗೆ ಸಂಸದೀಯ ಸಮಿತಿ ಸಭೆಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲಿನ ಸೆಂಟ್ರಲ್ ಜೈಲಿಗೆ ಹೋದರು. 1969ರಲ್ಲಿ ಇಂದಿರಾ ಜೊತೆಗಿದ್ದ ಚಂದ್ರಶೇಖರ್ ಕೂಡ ಬಂಧನದಲ್ಲಿ. ಪಕ್ಷದೊಳಗೆ 'ಇಲ್ಲ' ಅನ್ನುವವರು ಯಾರೂ ಉಳಿಯದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಆ ರಾತ್ರಿಯ ತೀರ್ಮಾನಕ್ಕೆ ಮಂತ್ರಿಮಂಡಲ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಿಗ್ಗೆ!

1977ರಲ್ಲಿ ರಾಯ್‌ಬರೇಲಿಯ ಮತದಾರರು ರಾಜ್ ನಾರಾಯಣ್ ಅವರನ್ನು 55,202 ಮತಗಳಿಂದ ಗೆಲ್ಲಿಸಿದರು. ಆದರೆ ಅವರೂ ಹರಿಶ್ಚಂದ್ರರಲ್ಲ. ಜನತಾ ಸರ್ಕಾರ 1979ರಲ್ಲಿ ಒಡೆದು ಬೀಳಲು ಅವರ ಪಾಲೂ ದೊಡ್ಡದು. 1980ರಲ್ಲಿ ಅವರು ತಮ್ಮೂರು ವಾರಾಣಸಿಯಿಂದಲೇ ಲೋಕಸಭೆಗೆ ನಿಂತಾಗ ಸೋಲಿಸಿದವರು ಯಾರು ಗೊತ್ತೇ? ಅದೇ ಕಮಲಾಪತಿ ತ್ರಿಪಾಠಿ.

ನಮ್ಮ ಮನೆಗೆ ಬಂದ ಬಿಲ್ಲು

ಕಾಶಿಯ ಈ ಲೆಕ್ಕ ಕರ್ನಾಟಕಕ್ಕೂ ಬಂತು. ಮೈಸೂರು ರಾಜ್ಯದಲ್ಲಿ ಇಂದಿರಾ ಬಣ ಕಟ್ಟಿದವರು ದೇವರಾಜ ಅರಸು. 1972ರಲ್ಲಿ ಮುಖ್ಯಮಂತ್ರಿ, 1978ರಲ್ಲಿ ಮತ್ತೆ ಗೆಲುವು, ಚಿಕ್ಕಮಗಳೂರಿನಲ್ಲಿ ಇಂದಿರಾಗೆ ಮರುಜನ್ಮ. ಮರುವರ್ಷ 1979ರಲ್ಲಿ ಅದೇ ಅರಸು ಪಕ್ಷದಿಂದ ಹೊರಗೆ. 1980ರ ಜನವರಿಯಲ್ಲಿ ಇಂದಿರಾ ದಿಲ್ಲಿಗೆ ಮರಳುತ್ತಿದ್ದ ಹಾಗೆ ಅರಸು ಜೊತೆಗಿದ್ದ ಶಾಸಕರು ಆ ಕಡೆ ಹೊರಳಿದರು.

ನಿಜಲಿಂಗಪ್ಪನವರ 'ಲವ-ಕುಶ' ಅನಿಸಿಕೊಂಡಿದ್ದವರು ವೀರೇಂದ್ರ ಪಾಟೀಲ್, ರಾಮಕೃಷ್ಣ ಹೆಗಡೆ. ಪಾಟೀಲರ ಸರ್ಕಾರ 1971ರಲ್ಲಿ ಶಾಸಕರ ಪಕ್ಷಾಂತರದಿಂದ ಬಿತ್ತು. ಚಿಕ್ಕಮಗಳೂರಿನಲ್ಲಿ ಇಂದಿರಾ ಎದುರು ಸೋತರು. ಆಮೇಲೆ ಅದೇ ಪಕ್ಷ ಸೇರಿ, 1989ರಲ್ಲಿ 224ರಲ್ಲಿ 178 ಸ್ಥಾನ ಗೆದ್ದ ಪಕ್ಷದ ಮುಖ್ಯಮಂತ್ರಿಯಾದರು. 1990ರ ಅಕ್ಟೋಬರಿನಲ್ಲಿ, ಪಾರ್ಶ್ವವಾಯು ಬಡಿದು ಮಲಗಿದ್ದ ಅವರ ಬದಲಾವಣೆಯನ್ನು ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಘೋಷಿಸಿದರು. ಶಾಸಕರ ಸಭೆ ಆಮೇಲಿನ ಶಾಸ್ತ್ರ. ಹೆಗಡೆಯವರ ಪಾಡು? ಅವರು ಕಟ್ಟಿದ ಜನತಾದಳವೇ 1996ರಲ್ಲಿ ಅವರನ್ನು ಉಚ್ಚಾಟಿಸಿತು. ಅಂದರೆ ಈ ರೋಗ ಒಂದೇ ಪಕ್ಷದ್ದಲ್ಲ. ಹಿಡಿದದ್ದು ಒಂದು ಮನೆಗೆ, ಹರಡಿದ್ದು ಇಡೀ ಬೀದಿಗೆ.

ಲೆಕ್ಕ ಹಾಕಿದರೆ 1969ರಲ್ಲಿ ಸೋತದ್ದು ನಾಲ್ಕೈದು ಹಿರಿಯರಷ್ಟೇ ಅಲ್ಲ. ಪಕ್ಷದೊಳಗೆ ಮತ ಹಾಕಿ ನಾಯಕರನ್ನು ಆರಿಸುವ ಪದ್ಧತಿಯೇ ಸೋತಿತು. 1972ರ ನಂತರ ಕಾಂಗ್ರೆಸ್ಸಿನಲ್ಲಿ ಸಾಂಸ್ಥಿಕ ಚುನಾವಣೆ ನಡೆದದ್ದು 20 ವರ್ಷ ಬಿಟ್ಟು, 1992ರಲ್ಲಿ, ತಿರುಪತಿ ಅಧಿವೇಶನದ ಹೊತ್ತಿಗೆ. ನಿಜಲಿಂಗಪ್ಪನವರ ನಂತರ ಆ ಪಕ್ಷಕ್ಕೆ ಇನ್ನೊಬ್ಬ ಕನ್ನಡಿಗ ಅಧ್ಯಕ್ಷರು ಬಂದದ್ದು 2022ರಲ್ಲಿ, ಮಲ್ಲಿಕಾರ್ಜುನ ಖರ್ಗೆ. ಅವರು ಮತಪೆಟ್ಟಿಗೆಯ ಮೂಲಕ, 7,897 ಮತ ಪಡೆದು ಗೆದ್ದರು. ಅಧ್ಯಕ್ಷ ಸ್ಥಾನಕ್ಕೆ ಅದಕ್ಕೆ ಹಿಂದಿನ ಸ್ಪರ್ಧೆ ನಡೆದದ್ದು 2000ದಲ್ಲಿ.

ನಿಜಲಿಂಗಪ್ಪನವರು ಮುಂದೆ ಸಕ್ರಿಯ ರಾಜಕೀಯದಿಂದ ದೂರ ಸರಿದು, 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಕರ್ನಾಟಕ ಏಕೀಕರಣಕ್ಕೆ ನೆನೆಯುತ್ತೇವೆ. ನವೆಂಬರ್ 12ಕ್ಕೂ ಒಮ್ಮೆ ನೆನೆಯಬಹುದು. ತಪ್ಪೋ ಸರಿಯೋ, ಪ್ರಧಾನಿಗೆ ಪಕ್ಷದ ಅಧ್ಯಕ್ಷ 'ಇಲ್ಲ' ಅಂದ ದಿನ ಅದು. ಅಂಥ ದಿನ ಈ ದೇಶದ ಯಾವ ಆಳುವ ಪಕ್ಷದಲ್ಲೂ ಮತ್ತೆ ಬಂದ ಹಾಗಿಲ್ಲ.

ಮುಂದಿನ ಸಲ 'ವರಿಷ್ಠರ ತೀರ್ಮಾನಕ್ಕೆ ಬದ್ಧ' ಅನ್ನುವ ಮಾತು ರೇಡಿಯೋದಲ್ಲಿ ಕೇಳಿದಾಗ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ವರಿಷ್ಠರನ್ನು ಆರಿಸಿದವರು ಯಾರು? ಎಷ್ಟು ಮತ ಬಿದ್ದವು? ಪಕ್ಷ ಯಾವುದೇ ಇರಲಿ, ನಿಮ್ಮ ಮೆಚ್ಚಿನದೇ ಇರಲಿ.